ಅಂಬೇಡ್ಕರ್ ಅವರಿಗೂ ಬಾಡಿಗೆ ಕೋಣೆ ಸಿಗಲಿಲ್ಲ

ಕೆಲಸಕ್ಕೋ ವ್ಯಾಪಾರಕ್ಕೋ ಅಂತ ಘಟ್ಟ ಹತ್ತಿ ಹೊಸದುರ್ಗದಂಥ ಊರಿಗೆ ಹೋದ ನಮ್ಮವರು ಮೊದಲು ಹುಡುಕೋದು ಬಾಡಿಗೆ ಮನೆ. ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾದ ಮೇಲೆ ಹೆಸರು ಕೇಳಿ ಮಾಲೀಕರು ಹಿಂದೆ ಸರಿದರೆ ಕಾನೂನು ನೆರವಿಗೆ ಬರುತ್ತದಾ? ಇದನ್ನು ತಿಳಿಯಲು ನಾವು ಡಾ. ಬಿ.ಆರ್. ಅಂಬೇಡ್ಕರ್ ಅವರ ಬದುಕನ್ನು ನೋಡಬೇಕು. ಸಂವಿಧಾನ ರೂಪಿಸುವ ಮೊದಲು ಅವರೂ ಕೋಣೆ ಸಿಗದೆ ಅಲೆದವರು.

1891ರ ಏಪ್ರಿಲ್ 14ರಂದು ಮಹೂ ಊರಿನ ಮಹಾರ್ ಕುಟುಂಬದಲ್ಲಿ ಹುಟ್ಟಿದ ಅಂಬೇಡ್ಕರ್, ಬರೋಡಾ ಮಹಾರಾಜರ ನೆರವಿನಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ, ಬಳಿಕ ಲಂಡನ್ನಿನಲ್ಲಿ ಓದಿದರು. 1917ರಲ್ಲಿ ಮರಳಿ, ಕೊಟ್ಟ ಮಾತಿನಂತೆ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಹುದ್ದೆ ಸಿಕ್ಕಿತು, ಮಲಗಲು ಜಾಗ ಸಿಗಲಿಲ್ಲ. ಕೊನೆಗೆ ಪಾರ್ಸಿ ಹೆಸರು ಇಟ್ಟುಕೊಂಡು ಪಾರ್ಸಿಗಳ ವಸತಿಗೃಹ ಸೇರಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪೊಂದು ಬಂದು, ಸಂಜೆಯೊಳಗೆ ಖಾಲಿ ಮಾಡಬೇಕೆಂದು ಗದರಿಸಿತು. ಹಿಂದೂ ಸ್ನೇಹಿತರೊಬ್ಬರು ಮನೆಯ ಆಳುಗಳು ಬಿಟ್ಟುಹೋಗುತ್ತಾರೆ ಅಂದರು. ಕ್ರೈಸ್ತ ಸ್ನೇಹಿತರು ಹೆಂಡತಿಯನ್ನು ಕೇಳಬೇಕು ಅಂದರು. ಅಷ್ಟು ಓದಿದ ಮನುಷ್ಯ ಸಾರ್ವಜನಿಕ ತೋಟದಲ್ಲಿ ಕೂತಿದ್ದು, ರಾತ್ರಿ ರೈಲಿಗೆ ಮುಂಬೈಗೆ ಮರಳಿದರು. ಮುಂದೆ 1930ರ ದಶಕದಲ್ಲಿ ಅಲ್ಲಿನ ದಾದರ್‌ನಲ್ಲಿ ತಮ್ಮ ಪುಸ್ತಕಗಳಿಗೂ ಜಾಗವಿರುವ ರಾಜಗೃಹ ಎಂಬ ಸ್ವಂತ ಮನೆ ಕಟ್ಟಿಸಿದರು.

1947ರ ಆಗಸ್ಟ್ 29ರಂದು ನೇಮಕವಾದ ಸಂವಿಧಾನ ಕರಡು ಸಮಿತಿಗೆ ಅವರೇ ಅಧ್ಯಕ್ಷರು. ಸಂವಿಧಾನದ 15ನೇ ವಿಧಿ ಪ್ರಕಾರ ಸರ್ಕಾರ ಧರ್ಮ, ಜಾತಿ ನೋಡಿ ಭೇದ ಮಾಡುವಂತಿಲ್ಲ. ಹಾಗಾಗಿ ಸರ್ಕಾರಿ ನಿವೇಶನ, ಮನೆ ಹಂಚುವಾಗ ಧರ್ಮದ ಕಾರಣಕ್ಕೆ ಅರ್ಜಿ ತಳ್ಳಿಹಾಕುವ ಹಾಗಿಲ್ಲ. ಅಂಗಡಿ, ಹೋಟೆಲುಗಳಲ್ಲೂ ಧರ್ಮದ ಹೆಸರಲ್ಲಿ ಯಾರನ್ನೂ ಹೊರಗಿಡುವಂತಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಅದರ ಆಧಾರದ ಮೇಲೆ ಬಂದ 1955ರ ಕಾಯ್ದೆಯಡಿ, ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗಾದರೂ ಮನೆಯಲ್ಲಿ ವಾಸಿಸದಂತೆ ತಡೆದರೆ ಅದು ಶಿಕ್ಷಾರ್ಹ ಅಪರಾಧ. ಅಂಬೇಡ್ಕರ್ 1956ರ ಡಿಸೆಂಬರ್ 6ರಂದು ತೀರಿಕೊಂಡರು.

ಆದರೆ ಧರ್ಮ ನೋಡಿ ಮನೆ ಕೊಡದ ಖಾಸಗಿ ಮಾಲೀಕರ ವಿಷಯದಲ್ಲಿ ಇಂಥ ಸ್ಪಷ್ಟ ಕಾನೂನು ನಮ್ಮಲ್ಲಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಅನ್ನುವ ನಿಯಮವನ್ನು ಎತ್ತಿಹಿಡಿಯಿತು. ಬರೋಡಾದ ಬಾಗಿಲು ಪೂರ್ತಿ ತೆರೆದಿಲ್ಲ ಅನ್ನೋದು ಇದರಿಂದ ಗೊತ್ತಾಗುತ್ತದೆ. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ಧರ್ಮದ ಕಾರಣಕ್ಕೆ ಮನೆ ನಿರಾಕರಿಸುವುದನ್ನೂ ತಡೆಯುತ್ತದೆ. ಅಂಥದ್ದೊಂದು ಕಾನೂನು ಬೇಕೆಂದು ನಾವು ನಮ್ಮ ಜನಪ್ರತಿನಿಧಿಗಳನ್ನು ಕೇಳಬಹುದು, ಕೇಳಬೇಕು.

ಇನ್ನೊಂದು ಮಾತು. ಬರೋಡಾದಲ್ಲಿ ಅವರಿಗೆ ಬಾಗಿಲು ಮುಚ್ಚಿದವರಲ್ಲಿ ಸಣ್ಣ ಸಮುದಾಯದವರೂ ಇದ್ದರು. ನಮ್ಮಲ್ಲೂ ಮನೆ, ಫ್ಲ್ಯಾಟು ಬಾಡಿಗೆಗೆ ಕೊಡುವವರು ಎಷ್ಟೋ ಮಂದಿ. ಮನೆ ಕೇಳಿಕೊಂಡು ಬಂದವರ ಜಾತಿ ಯಾವುದು ಅಂತ ನಾವು ಕೇಳದೆ ಇರಲು ಯಾವ ಕಾನೂನಿಗೂ ಕಾಯಬೇಕಾಗಿಲ್ಲ.