ಅಲೆಕ್ಸಾಂಡರ್ ಲೂರಿಯಾ

ಅಲೆಕ್ಸಾಂಡರ್ ರೊಮಾನೊವಿಚ್ ಲೂರಿಯಾ (ಜುಲೈ 16, 1902 – ಆಗಸ್ಟ್ 14, 1977) ರಷ್ಯಾದ ಮನೋವಿಜ್ಞಾನಿ, ವೈದ್ಯ ಹಾಗೂ ನರಮನೋವಿಜ್ಞಾನದ ಸ್ಥಾಪಕರಲ್ಲಿ ಒಬ್ಬರು. ಮಿದುಳಿಗೆ ಪೆಟ್ಟಾಗಿ ಭಾಷೆಯನ್ನು ಬಳಸುವ ಶಕ್ತಿ ಕುಂದುವುದನ್ನು ಅಫೇಸಿಯಾ ಎಂದು ಕರೆಯುತ್ತಾರೆ. ಈ ತೊಂದರೆಗೆ ಒಳಗಾದವರು ತಮಗೆ ಬೇಕಾದ ಪದವನ್ನು ಮರಳಿ ಪಡೆಯಲು ನೆರವಾಗುವ ವಾಕ್ ಚಿಕಿತ್ಸೆಗೆ ಶಾಸ್ತ್ರೀಯ ತಳಹದಿ ಹಾಕಿದವರಲ್ಲಿ ಲೂರಿಯಾ ಪ್ರಮುಖರು.

ಆರಂಭಿಕ ಜೀವನ

ಲೂರಿಯಾ ಜನಿಸಿದ್ದು ಕಜಾನ್ ನಗರದ ಯಹೂದಿ ಕುಟುಂಬವೊಂದರಲ್ಲಿ. ತಂದೆ ವೈದ್ಯರು, ತಾಯಿ ದಂತವೈದ್ಯೆ. 1921ರಲ್ಲಿ ಕಜಾನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಮಾಸ್ಕೋಗೆ ತೆರಳಿದರು. 1924ರಲ್ಲಿ ಲೆವ್ ವಿಗೊಟ್‌ಸ್ಕಿ ಅವರ ಪರಿಚಯವಾಯಿತು. ಶಿಕ್ಷಕರ ತರಬೇತಿ ಪಡೆದವರಿಗೆ ವಿಗೊಟ್‌ಸ್ಕಿ ಹೆಸರು ಚಿರಪರಿಚಿತ. ಮನುಷ್ಯನ ಉನ್ನತ ಮಾನಸಿಕ ಶಕ್ತಿಗಳು ಭಾಷೆ ಮತ್ತು ಸಮಾಜದ ಮೂಲಕ ರೂಪುಗೊಳ್ಳುತ್ತವೆ ಎಂಬ ಅವರ ವಿಚಾರವನ್ನು ಲೂರಿಯಾ ಜೀವನದುದ್ದಕ್ಕೂ ಬೆಳೆಸಿದರು. 1931 ಮತ್ತು 1932ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗರ ಆಲೋಚನಾ ಕ್ರಮವನ್ನು ಕುರಿತು ನಡೆಸಿದ ಅಧ್ಯಯನ ಆಳುವವರ ಟೀಕೆಗೆ ಗುರಿಯಾಗಿ, ನಾಲ್ಕು ದಶಕಗಳ ನಂತರವಷ್ಟೇ ಪುಸ್ತಕರೂಪದಲ್ಲಿ ಹೊರಬಂದಿತು. ಬಳಿಕ ಅವರು ವೈದ್ಯಕೀಯ ವ್ಯಾಸಂಗ ಕೈಗೊಂಡು 1937ರಲ್ಲಿ ಪದವೀಧರರಾದರು.

ಯುದ್ಧಕಾಲದ ಆಸ್ಪತ್ರೆ

1941ರಲ್ಲಿ ಜರ್ಮನಿಯು ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದಾಗ, ತಲೆಗೆ ಗಾಯವಾದ ಸೈನಿಕರ ಪುನಶ್ಚೇತನಕ್ಕಾಗಿ ಆಸ್ಪತ್ರೆಯೊಂದನ್ನು ಕಟ್ಟುವ ಹೊಣೆ ಲೂರಿಯಾ ಅವರ ಪಾಲಿಗೆ ಬಂದಿತು. ಯೂರಲ್ ಪರ್ವತದ ದಕ್ಷಿಣ ಭಾಗದ ಕಿಸೆಗಾಚ್ ಎಂಬಲ್ಲಿ 400 ಹಾಸಿಗೆಗಳ ಆ ಆಸ್ಪತ್ರೆ ಆರಂಭವಾಯಿತು. ಅಲ್ಲಿಗೆ ಬಂದವರು ಹೆಚ್ಚಾಗಿ ಯುವಕರು. ಇತರ ವಿಷಯಗಳಲ್ಲಿ ಆರೋಗ್ಯವಂತರು. ಆದರೆ ಮಾತು, ಓದು, ಬರಹಗಳಲ್ಲಿ ಯಾವುದೋ ಒಂದು ಎಳೆ ಕಡಿದುಹೋಗಿತ್ತು.

ಪದ ಸಿಗದಿರುವುದೆಂದರೇನು ಎಂಬುದನ್ನು ನಮ್ಮ ಕಡೆಯ ಉದಾಹರಣೆಯಿಂದ ತಿಳಿಯಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರನೊಬ್ಬ ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡಿದ್ದಾನೆ ಎನ್ನೋಣ. ಮೆಟ್ಟುಗತ್ತಿಯನ್ನು ಮುಂದಿಟ್ಟರೆ ಅಡಿಕೆ ಸುಲಿಯುವ ಬಗೆಯನ್ನು ಅಭಿನಯಿಸಿ ತೋರಿಸಬಲ್ಲ. ಹೆಸರು ಮಾತ್ರ ಬಾಯಿಗೆ ಬಾರದು. ಮನೆಯವರು ಬುದ್ಧಿಗೇ ಮಂಕು ಕವಿದಿದೆ ಎಂದು ಭಾವಿಸಿ ಅವನ ಪರವಾಗಿ ತಾವೇ ಮಾತನಾಡತೊಡಗುತ್ತಾರೆ. ರೋಗಕ್ಕಿಂತ ಇದೇ ಅವನನ್ನು ಹೆಚ್ಚು ಮೂಕನನ್ನಾಗಿಸುತ್ತದೆ.

ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಈ ತೊಂದರೆಯ ಹಿಂದೆ ಬೇರೆ ಬೇರೆ ಕಾರಣಗಳಿವೆ ಎಂಬುದು ಲೂರಿಯಾ ಅವರ ಮುಖ್ಯ ಶೋಧನೆ. ಕೆಲವು ರೋಗಿಗಳಿಗೆ ಮೊದಲ ಅಕ್ಷರವನ್ನು ಹೇಳಿಕೊಟ್ಟರೆ ಸಾಕು, ಇಡೀ ಪದ ಹೊರಬರುತ್ತದೆ. ನಮ್ಮ ಬೆಳೆಗಾರ ಇಂಥವನಾದರೆ ‘ಮೆ’ ಎಂದೊಡನೆ ‘ಮೆಟ್ಟುಗತ್ತಿ’ ಎಂದಾನು. ಮಿದುಳಿನ ಎಡ ಕಪೋಲ ಭಾಗಕ್ಕೆ ಪೆಟ್ಟಾಗಿ ಕೇಳಿದ ಧ್ವನಿಯ ನೆನಪೇ ಸಡಿಲವಾದವರಿಗೆ ಈ ಸುಳಿವು ಅಷ್ಟಾಗಿ ಉಪಯೋಗಕ್ಕೆ ಬಾರದು. ಆದ್ದರಿಂದ ಎಲ್ಲರಿಗೂ ಒಂದೇ ಪಾಠ ಒಪ್ಪಿಸಿ ಗಿಳಿಪಾಠ ಮಾಡಿಸುವುದು ಚಿಕಿತ್ಸೆಯಲ್ಲ. ಯಾವ ಕೊಂಡಿ ಕಳಚಿದೆ ಎಂಬುದನ್ನು ಮೊದಲು ಗುರುತಿಸಿ, ಉಳಿದಿರುವ ಕೊಂಡಿಗಳ ಮೂಲಕ ಬಳಸುದಾರಿಯನ್ನು ನಿರ್ಮಿಸಬೇಕು. ಪದಗಳಿದ್ದೂ ವಾಕ್ಯ ಕಟ್ಟಲಾರದ ರೋಗಿಗಳ ಮುಂದೆ ಲೂರಿಯಾ ಮತ್ತು ಅವರ ಸಹೋದ್ಯೋಗಿ ಲ್ಯುಬೊವ್ ತ್ಸ್ವೆಟ್ಕೊವಾ ಖಾಲಿ ಚೀಟಿಗಳನ್ನು ಸಾಲಾಗಿ ಇಡುತ್ತಿದ್ದರು. ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಹೋದಂತೆ ವಾಕ್ಯ ಕೂಡಿಬರುತ್ತಿತ್ತು.

ಜಸೆಟ್‌ಸ್ಕಿ

ಲೂರಿಯಾ ಅವರ ರೋಗಿಗಳಲ್ಲಿ ಜಗತ್ತಿಗೆ ಹೆಚ್ಚು ಪರಿಚಿತನಾದವನು ಜಸೆಟ್‌ಸ್ಕಿ. ತಾಂತ್ರಿಕ ಶಿಕ್ಷಣದ ವಿದ್ಯಾರ್ಥಿಯಾಗಿದ್ದ ಈತನಿಗೆ 1943ರ ಮಾರ್ಚ್‌ನಲ್ಲಿ ಸ್ಮೊಲೆನ್ಸ್ಕ್ ಬಳಿಯ ಕಾಳಗದಲ್ಲಿ ತಲೆಗೆ ಗುಂಡು ತಗುಲಿತು. ಪರಿಚಿತ ವಸ್ತುಗಳ ಹೆಸರು ನೆನಪಾಗುತ್ತಿರಲಿಲ್ಲ. ಕೇಳಿದ ಪದದ ಅರ್ಥ ಹೊಳೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಒಂದು ಅಕ್ಷರ ಬೇಕಾದರೆ ವರ್ಣಮಾಲೆಯನ್ನು ಮೊದಲಿನಿಂದ ಹೇಳಿಕೊಳ್ಳುತ್ತ ಅಲ್ಲಿಗೆ ತಲುಪಬೇಕಿತ್ತು. ಮಕ್ಕಳಿಗೆ ಕಾಗುಣಿತ ಹೇಳಿಕೊಟ್ಟವರಿಗೆ ಈ ಶ್ರಮ ಎಂಥದ್ದೆಂದು ಬೇರೆ ವಿವರಿಸಬೇಕಾಗಿಲ್ಲ. ಬರವಣಿಗೆಯೂ ಹಾಗೆಯೇ ಇತ್ತು. ಆದರೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಯೋಚಿಸದೆ, ಲೇಖನಿ ಎತ್ತದೆ, ಇಡೀ ಪದವನ್ನು ಒಮ್ಮೆಗೇ ಬರೆದರೆ ಕೈ ತಾನಾಗಿ ಸಾಗುತ್ತದೆ ಎಂಬುದು ಕಂಡುಬಂದಿತು. ಕೈಯ ರೂಢಿ ಉಳಿದಿತ್ತು. ತಾನು ಬರೆದುದನ್ನು ಓದಲು ತಾನೇ ಕಷ್ಟಪಡುತ್ತಿದ್ದರೂ ಜಸೆಟ್‌ಸ್ಕಿ ಸುಮಾರು 25 ವರ್ಷಗಳಲ್ಲಿ 3000 ಪುಟಗಳಷ್ಟು ದಿನಚರಿ ಬರೆದನು.

ಈ ದಿನಚರಿಯನ್ನು ಆಧರಿಸಿ ಲೂರಿಯಾ 1971ರಲ್ಲಿ ಪ್ರಕಟಿಸಿದ ಪುಸ್ತಕದ ರಷ್ಯನ್ ಹೆಸರಿಗೆ ಕಳೆದು ಮರಳಿ ದೊರೆತ ಜಗತ್ತು ಎಂದರ್ಥ. ಮರುವರ್ಷದ ಇಂಗ್ಲಿಷ್ ಅನುವಾದದ ಹೆಸರಿನಲ್ಲಿ ಜಗತ್ತು ಒಡೆದು ಚೂರಾದುದಷ್ಟೇ ಉಳಿದು, ಮರಳಿ ದೊರೆತದ್ದು ಬಿಟ್ಟುಹೋಯಿತು. ಜಸೆಟ್‌ಸ್ಕಿಯ ಬದುಕಿಗೆ ಮೂಲದ ಹೆಸರೇ ಹೆಚ್ಚು ಒಪ್ಪುತ್ತದೆ.

ನಂತರದ ವರ್ಷಗಳು

ಯುದ್ಧಕಾಲದ ಅನುಭವಗಳು 1947ರಲ್ಲಿ ಪ್ರಕಟವಾದ ಅಫೇಸಿಯಾ ಕುರಿತ ಗ್ರಂಥದಲ್ಲಿಯೂ ಮರುವರ್ಷ ಹೊರಬಂದ ಪುನಶ್ಚೇತನದ ಗ್ರಂಥದಲ್ಲಿಯೂ ಸಂಗ್ರಹಗೊಂಡಿವೆ. ಮನ್ನಣೆ ಮಾತ್ರ ತಡವಾಯಿತು. ಯಹೂದಿಗಳ ವಿರುದ್ಧದ ವಾತಾವರಣದಲ್ಲಿ ಅವರು ಮಾಸ್ಕೋದ ನರಶಸ್ತ್ರಚಿಕಿತ್ಸಾ ಸಂಸ್ಥೆಯ ಕೆಲಸವನ್ನು ಕಳೆದುಕೊಂಡು, ಕೆಲವು ವರ್ಷ ಬೌದ್ಧಿಕ ಬೆಳವಣಿಗೆ ಕುಂಠಿತಗೊಂಡ ಮಕ್ಕಳ ಅಧ್ಯಯನದಲ್ಲಿ ತೊಡಗಿದರು. 1950ರ ದಶಕದ ಕೊನೆಯ ಹೊತ್ತಿಗೆ ಮಿದುಳಿನ ಅಧ್ಯಯನಕ್ಕೆ ಮರಳಲು ಸಾಧ್ಯವಾಯಿತು. 1977ರಲ್ಲಿ ಮಾಸ್ಕೋದಲ್ಲಿ ನಿಧನರಾದರು.

ಕನ್ನಡದಲ್ಲಿ ಅಫೇಸಿಯಾ ಚಿಕಿತ್ಸೆ

ಪದದ ಮೊದಲ ಧ್ವನಿ, ಅದರ ಬಳಕೆ, ಅದು ಸೇರುವ ಗುಂಪು ಮುಂತಾದ ಸುಳಿವುಗಳನ್ನು ಕೊಟ್ಟು ಪದವನ್ನು ಹೊರತರಿಸುವ ವಿಧಾನ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಸುಳಿವು ರೋಗಿಯ ಮನೆಮಾತಿನಲ್ಲಿಯೇ ಇರಬೇಕಾದುದರಿಂದ ಇಂಗ್ಲಿಷ್ ಪಾಠಗಳನ್ನು ಹಾಗೆಯೇ ಅನುವಾದಿಸಿದರೆ ಪ್ರಯೋಜನವಾಗದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಅಫೇಸಿಯಾ ಉಳ್ಳವರಿಗಾಗಿ ಕನ್ನಡದಲ್ಲಿಯೇ ಚಿಕಿತ್ಸಾ ಕೈಪಿಡಿಗಳನ್ನು ಸಿದ್ಧಪಡಿಸಿದೆ. ಮಲೆನಾಡಿನಂತಹ ದೂರದ ಊರುಗಳ ಕುಟುಂಬಗಳಿಗೆ ಅನುಕೂಲವಾಗಬಲ್ಲ ದೂರಸಂಪರ್ಕದ ಮೂಲಕ ವಾಕ್ ಚಿಕಿತ್ಸೆ ಕೊಡುವ ವ್ಯವಸ್ಥೆಯೂ ಅಲ್ಲಿದೆ.