ಕೈಕೆಲಸದವರ ಕಮಲಾದೇವಿ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯಬೇಕು ಅಂತ ಕನ್ನಡ ಟೀಚರ್ ಹೇಳಿದಾಗ ನಮ್ಮ ಕ್ಲಾಸಿನ ಅರ್ಧ ಜನ ಗಾಂಧೀಜಿ ಅಂದರು, ಇನ್ನರ್ಧ ಜನ ಕುವೆಂಪು ಅಂದರು. ನಾನು ಮಾತ್ರ ಕಮಲಾದೇವಿ ಚಟ್ಟೋಪಾಧ್ಯಾಯ ಅಂದೆ. ಯಾರದು, ಬಂಗಾಳದವರಾ ಅಂತ ಎಲ್ಲರೂ ಕೇಳಿದರು. ಹೆಸರು ನೋಡಿ ಮೋಸ ಹೋಗಬೇಡಿ. ಅವರು ನಮ್ಮ ಘಟ್ಟದ ಕೆಳಗಿನ ಮಂಗಳೂರಿನವರು.

ನನಗೆ ಅವರ ಹೆಸರು ಗೊತ್ತಾಗಿದ್ದು ಒಂದು ಹಾಳಾದ ಬಟ್ಟೆಯಿಂದ. ನಮ್ಮ ಮನೆಯಲ್ಲಿ ದೊಡ್ಡಜ್ಜಿ ಇದ್ದಾರೆ, ಅಜ್ಜನ ಅಕ್ಕ. ಅವರ ಹತ್ತಿರ ರಂಗೋಲಿ ಬರೆದ ಹಳೇ ಪುಸ್ತಕ ಇದೆ. ಅದರಲ್ಲಿದ್ದ ಒಂದು ಬಳ್ಳಿ ಹೂವನ್ನು ನಾನು ಆಲೂಗಡ್ಡೆಯಲ್ಲಿ ಕೆತ್ತಿ ಅಪ್ಪನ ಹಳೇ ಪಂಚೆಯ ಮೇಲೆ ಸಾಲಾಗಿ ಒತ್ತಿದೆ. ಒಂದೊಂದೇ ನೋಡಿದರೆ ಚೆನ್ನಾಗಿತ್ತು. ಆದರೆ ಒಂದು ಅಚ್ಚಿನ ಬಳ್ಳಿ ಪಕ್ಕದ ಅಚ್ಚಿನ ಬಳ್ಳಿಗೆ ಸೇರಲೇ ಇಲ್ಲ. ತುಂಡು ತುಂಡಾಗಿ ನಿಂತಿತು. ಅಮ್ಮ ಬೈದರು. ಡ್ರಾಯಿಂಗ್ ಮೇಷ್ಟ್ರಿಗೆ ತೋರಿಸಿದಾಗ ಅವರು ನಕ್ಕು, ಕಮಲಾದೇವಿಯವರ ಬಗ್ಗೆ ಓದಲು ಒಂದು ಪುಸ್ತಕ ಕೊಟ್ಟರು. ಅಚ್ಚಿಗೂ ಅವರಿಗೂ ಏನು ಸಂಬಂಧ ಅಂತ ನನಗೆ ಆಗ ಗೊತ್ತಿರಲಿಲ್ಲ.

ಕಮಲಾದೇವಿಯವರು ಹುಟ್ಟಿದ್ದು 1903ನೇ ಇಸವಿ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರ, ದೊಡ್ಡ ಸರ್ಕಾರಿ ಅಧಿಕಾರಿ. ತಾಯಿ ಗಿರಿಜಾಬಾಯಿ. ಮಗಳಿಗೆ ಇನ್ನೂ ಏಳು ವರ್ಷ ಇರುವಾಗಲೇ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿಟ್ಟಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿ ಮೊದಲ ಹೆಂಡತಿಯ ಮಗನಿಗೆ ಹೋಯಿತು, ಗಿರಿಜಾಬಾಯಿಗೆ ಏನೂ ಇಲ್ಲ. ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ ಅಂದರೂ ಆ ತಾಯಿ ಬೇಡವೆಂದು ತವರಿನಿಂದ ತಂದದ್ದರಲ್ಲೇ ಮಕ್ಕಳನ್ನು ಸಾಕಿದರು.

ಹದಿನಾಲ್ಕು ವರ್ಷಕ್ಕೆ, 1917ರಲ್ಲಿ ಕಮಲಾದೇವಿಗೆ ಮದುವೆಯಾಯಿತು. ನನಗಿಂತ ಒಂದೇ ವರ್ಷ ದೊಡ್ಡವರು! ಎರಡು ವರ್ಷದೊಳಗೆ ಗಂಡ ಸತ್ತುಹೋದರು. ಆಗಿನ ಕಾಲದಲ್ಲಿ ವಿಧವೆಯಾದರೆ ಮನೆಯ ಮೂಲೆಯೇ ಗತಿ. ಆದರೆ ಇವರು ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದಲು ಹೋದರು. ಅಲ್ಲಿಯ ಗೆಳತಿಯ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರು ಕವಿ, ನಾಟಕಕಾರರು, ಸರೋಜಿನಿ ನಾಯ್ಡು ಅವರ ತಮ್ಮ. ಅವರನ್ನು ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ, ಅದರ ಮೇಲೆ ವಿಧವೆಯ ಮರುಮದುವೆ. ಊರವರು ಎಷ್ಟು ಮಾತಾಡಿರಬಹುದು ನೀವೇ ಯೋಚಿಸಿ.

ಈ ಭಾಗವನ್ನು ನಾನು ರಾತ್ರಿ ಜೋರಾಗಿ ಓದುತ್ತಿದ್ದೆ. ದೊಡ್ಡಜ್ಜಿ ಅಡಿಕೆ ಸುಲಿಯುತ್ತಾ ಕೇಳುತ್ತಿದ್ದರು. ಅವರ ಕೈ ನಿಂತಿತು. ಅವರೂ ಹದಿನೇಳು ವರ್ಷಕ್ಕೇ ಗಂಡನನ್ನು ಕಳೆದುಕೊಂಡವರು. ಇಡೀ ಕೇರಿಯಲ್ಲಿ ಅವರಷ್ಟು ಚೆನ್ನಾಗಿ ರಂಗೋಲಿ ಹಾಕುವವರು ಇರಲಿಲ್ಲವಂತೆ, ಆದರೆ ಮದುವೆ ಮನೆಯ ಅಂಗಳಕ್ಕೆ ಮಾತ್ರ ಅವರನ್ನು ಕರೆಯುತ್ತಿರಲಿಲ್ಲವಂತೆ. ಅದಕ್ಕೇ ಪುಸ್ತಕದಲ್ಲಿ ಬರೆದಿಟ್ಟಿದ್ದು. ಇದು ನನಗೆ ಅವತ್ತೇ ಗೊತ್ತಾಗಿದ್ದು. ಇನ್ನೊಂದು ಸಲ ಓದು ಅಂದರು, ಓದಿದೆ.

ಕಮಲಾದೇವಿಯವರು 1926ರಲ್ಲಿ ಮದ್ರಾಸು ಶಾಸನಸಭೆಯ ಚುನಾವಣೆಗೆ ನಿಂತರು. ಹೆಂಗಸರು ಚುನಾವಣೆಗೆ ನಿಲ್ಲುವುದೇ ಆಗ ಹೊಸದು. ಕೆಲವೇ ಮತಗಳಿಂದ ಸೋತರು. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಹೆಂಗಸರನ್ನು ಜೊತೆಗೆ ಸೇರಿಸಿಕೊಂಡಿರಲಿಲ್ಲ. ಇವರು ಹೋಗಿ ವಾದ ಮಾಡಿ, ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಅವಕಾಶ ಕೊಡಿ ಅಂತ ಒಪ್ಪಿಸಿದರು. ಆಮೇಲೆ ಮುಂಬೈಯಲ್ಲಿ ಉಪ್ಪು ತಯಾರಿಸಿ ಬೀದಿಯಲ್ಲಿ ಮಾರಿ ಜೈಲಿಗೆ ಹೋದರು. ಟಿ.ಪಿ. ಕೈಲಾಸಂ ಇದ್ದ ಮೃಚ್ಛಕಟಿಕ ಎಂಬ ಮೂಕಿ ಸಿನಿಮಾದಲ್ಲಿ ಪಾತ್ರವನ್ನೂ ಮಾಡಿದ್ದರು ಗೊತ್ತಾ! ಒಳ್ಳೆ ಮನೆತನದ ಹೆಂಗಸರು ಸಿನಿಮಾ ಕಡೆ ತಲೆಯೇ ಹಾಕದ ಕಾಲ ಅದು.

ಸ್ವಾತಂತ್ರ್ಯ ಬಂತು. ದೇಶ ಎರಡಾಗಿ ಲಕ್ಷಾಂತರ ಜನ ಮನೆಮಠ ಬಿಟ್ಟು ಓಡಿಬಂದರು. ಇವರು ಅಧಿಕಾರದ ಕುರ್ಚಿ ಹುಡುಕದೆ ಸಹಕಾರ ಸಂಘ ಕಟ್ಟಿ, ದೆಹಲಿ ಪಕ್ಕದ ಫರೀದಾಬಾದಿನಲ್ಲಿ ಆ ನಿರಾಶ್ರಿತರ ಊರು ಎದ್ದು ನಿಲ್ಲಲು ದುಡಿದರು. ಆಮೇಲೆ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಪ್ರಾರಂಭವಾದಾಗ ಅದರ ಅಧ್ಯಕ್ಷೆಯಾದರು. ನನ್ನ ಅಚ್ಚಿನ ಕಥೆ ಸೇರುವುದು ಇಲ್ಲೇ.

ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಎಂಬ ಕೆಲಸ ಇದೆ. ಬಟ್ಟೆಯನ್ನು ಅಣಲೆಕಾಯಿ ಮತ್ತು ಹಾಲಿನಲ್ಲಿ ಅದ್ದಿ ಒಣಗಿಸಿ, ಬಿದಿರಿನ ಕಡ್ಡಿಯ ಲೇಖನಿಯಿಂದ ರಾಮಾಯಣ ಮಹಾಭಾರತದ ಚಿತ್ರ ಬರೆಯುತ್ತಾರೆ. ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿದರೆ ಕಪ್ಪು ಬಣ್ಣ ಆಗುತ್ತದೆ. ಆದರೆ ಗಿರಣಿ ಬಟ್ಟೆ ಬಂದ ಮೇಲೆ ಕೊಳ್ಳುವವರಿಲ್ಲದೆ, ಬರೆಯುವವರು ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದರು. ಇನ್ನು ಕೆಲವು ವರ್ಷ ಬಿಟ್ಟಿದ್ದರೆ ಕಲಿಸಲಿಕ್ಕೂ ಜನ ಇರುತ್ತಿರಲಿಲ್ಲ. 1950ರ ದಶಕದಲ್ಲಿ ಕಮಲಾದೇವಿಯವರ ಪ್ರಯತ್ನದಿಂದ ಅಲ್ಲಿ ತರಬೇತಿ ಶಾಲೆ ಶುರುವಾಯಿತು. ಉಳಿದಿದ್ದ ಹಿರಿಯರೇ ಗುರುಗಳಾದರು.

ಅದೇ ಆಂಧ್ರದ ಮಚಲಿಪಟ್ಟಣದ ಕಡೆ ಕಲಂಕಾರಿಯನ್ನು ಮರದ ಅಚ್ಚಿನಿಂದ ಮಾಡುತ್ತಾರೆ. ಕೈಯಲ್ಲಿ ಬರೆದ ಒಂದು ಚಿತ್ರವನ್ನು ಮರದಲ್ಲಿ ಕೆತ್ತಿ ಸಾವಿರ ಸಲ ಒತ್ತುವುದು. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು, ಅಂಚಿಗೆ ಬೇರೆ, ಮೂಲೆಗೆ ಬೇರೆ. ನಾನು ತಪ್ಪಿದ್ದು ಎಲ್ಲಿ ಅಂತ ಮೇಷ್ಟ್ರು ತೋರಿಸಿಕೊಟ್ಟರು. ಚಿತ್ರ ಬರೆದ ಕಾಗದವನ್ನು ನಡುವೆ ಉದ್ದಕ್ಕೆ ಕತ್ತರಿಸಿ, ಎಡದ ತುಂಡನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಅಂಟಿಸಬೇಕು. ಹೊರಗಿನ ಅಂಚುಗಳೆರಡೂ ಈಗ ಮಧ್ಯಕ್ಕೆ ಬಂದವು. ಎಲ್ಲಿ ಬಳ್ಳಿ ತುಂಡಾಗಿದೆಯೋ ಅಲ್ಲಿ ಸೇರಿಸಿ ಬರೆಯಬೇಕು. ಆಮೇಲೆ ಅಡ್ಡಕ್ಕೂ ಕತ್ತರಿಸಿ, ಮೇಲಿನದನ್ನು ಕೆಳಗಿಟ್ಟು ಹಾಗೇ ಮಾಡಬೇಕು. ಈಗ ಆ ಚಿತ್ರವನ್ನು ಎಷ್ಟು ಸಲ ಪಕ್ಕಪಕ್ಕ ಇಟ್ಟರೂ ಬಳ್ಳಿ ನಿಲ್ಲದೆ ಹರಿಯುತ್ತಾ ಹೋಗುತ್ತದೆ. ಇನ್ನೊಂದು ವಿಷಯ, ಅಚ್ಚಿನಲ್ಲಿ ಗಿಳಿ ಎಡಕ್ಕೆ ನೋಡಿದರೆ ಬಟ್ಟೆಯಲ್ಲಿ ಬಲಕ್ಕೆ ನೋಡುತ್ತದೆ!

ಅಮ್ಮ ಹೊಲಿಗೆ ಮಾಡುತ್ತಾರೆ. ಸಂತೆಯಲ್ಲಿ ಕಲಂಕಾರಿ ಅಂತ ಕಡಿಮೆ ಬೆಲೆಗೆ ಕೊಂಡ ಒಂದು ಬಟ್ಟೆಯನ್ನು ತೋರಿಸಿದರು. ಅದರಲ್ಲಿ ಜೋಡಣೆಯೇ ಕಾಣಲಿಲ್ಲ, ಎಲ್ಲ ಹೂವೂ ಅಚ್ಚುಕಟ್ಟು ಒಂದೇ ತರ. ಗಿರಣಿಯಲ್ಲಿ ಛಾಪಿಸಿದ್ದು. ಕೈಯಲ್ಲಿ ಒತ್ತಿದ್ದಾದರೆ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಅಮ್ಮ ಹೇಳುವುದೂ ಸರಿ, ಕೈ ಅಚ್ಚಿನ ಬಟ್ಟೆಗೆ ದುಡ್ಡು ಜಾಸ್ತಿ, ನಮ್ಮಂಥವರು ಕೊಳ್ಳುವುದು ಹೇಗೆ? ಕಮಲಾದೇವಿಯವರಿಗೂ ಈ ಕಷ್ಟ ಎದುರಿಗೇ ಇತ್ತು. ಕೆಲಸಗಾರರಿಗೆ ಹೊಟ್ಟೆ ತುಂಬಬೇಕು, ಕೊಳ್ಳುವವರೂ ಬೇಕು. ಅದಕ್ಕೆ ಮಂಡಳಿ ಬೆಂಗಳೂರು ಸೇರಿ ನಾಲ್ಕು ಊರುಗಳಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಹಳೇ ಚಿತ್ರಗಳು ಸೀರೆ, ಪರದೆ, ಹಾಸಿಗೆ ಹೊದಿಕೆಗಳಿಗೆ ಬಂದವು. ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಕೊಡುವುದೂ ಅವರ ಕಾಲದಲ್ಲೇ, 1965ರಲ್ಲಿ ಆರಂಭವಾಯಿತು. ಹೆಸರೇ ಇಲ್ಲದೆ ದುಡಿಯುತ್ತಿದ್ದವರ ಹೆಸರನ್ನು ಕರೆದು ಪ್ರಶಸ್ತಿ ಕೊಟ್ಟರು. ನನಗೆ ಅವರ ಎಲ್ಲ ಕೆಲಸದಲ್ಲಿ ಇದೇ ಹೆಚ್ಚು ಇಷ್ಟ.

ಅವರಿಗೆ 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಸಿಕ್ಕಿದವು. 1988ರ ಅಕ್ಟೋಬರ್ 29ರಂದು ಮುಂಬೈಯಲ್ಲಿ ತೀರಿಕೊಂಡರು. ಅವರು ಬೆಳೆಸಿದ ಆ ಮಂಡಳಿಯನ್ನು ಸರ್ಕಾರ 2020ರಲ್ಲಿ ರದ್ದು ಮಾಡಿತು. ಓದಿ ಬೇಜಾರಾಯಿತು.

ನಮ್ಮ ಮನೆ ಹತ್ತಿರದ ಆಚಾರ್ರು ಒಂದು ಸಾಗುವಾನಿ ತುಂಡು ಕೊಟ್ಟು, ಉಳಿ ಹಿಡಿಯುವುದನ್ನೂ ಹೇಳಿಕೊಟ್ಟಿದ್ದಾರೆ. ದೊಡ್ಡಜ್ಜಿಯ ಬಳ್ಳಿ ಹೂವನ್ನು ಸರಿಯಾಗಿ ಜೋಡಿಸಿ ಬರೆದು ಅದರಲ್ಲಿ ಕೆತ್ತಿದ್ದೇನೆ, ಒಂದು ಎಲೆ ಮಾತ್ರ ಮುರಿದುಹೋಗಿದೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಮ್ಮ ಕ್ಲಾಸಿನ ಕಿಟಕಿ ಪರದೆಗೆ ಒತ್ತುತ್ತೇವೆ. ಹಳೇ ಬಿಳಿ ಬಟ್ಟೆ ಇದ್ದವರು ತನ್ನಿ. ದೊಡ್ಡಜ್ಜಿಯೂ ತಮ್ಮ ಒಂದು ಬಿಳಿ ಸೀರೆ ತೆಗೆದಿಟ್ಟಿದ್ದಾರೆ, ಅಂಚಿಗೆ ಒತ್ತಿಕೊಡಬೇಕಂತೆ. ಬಣ್ಣ ಯಾವುದು ಅಂತ ಇನ್ನೂ ಹೇಳಿಲ್ಲ.