ನಿಸ್ತಂತು ವಿಜ್ಞಾನದ ಕನ್ನಡತಿ ಡಾ. ರಾಜೇಶ್ವರಿ ಚಟರ್ಜಿ

ಕುಷ್ಟಗಿಯನ್ನು ಹಾದು ವಿಜಯಪುರ ಹೊಸಪೇಟೆಗಳನ್ನು ಕೂಡಿಸುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೆನ್ನದೆ ಓಡುವ ವಾಹನಗಳನ್ನು ಊರಿನ ಮಕ್ಕಳೆಲ್ಲರೂ ನಿತ್ಯ ಕಾಣುತ್ತಾರೆ. ಕೆಲವು ವಾಹನಗಳ ನೆತ್ತಿಯ ಮೇಲೆ ಸಣ್ಣದೊಂದು ಕಡ್ಡಿ ನಿಂತಿರುತ್ತದೆ. ಕೆಲವುಗಳ ಮೇಲೆ ಮೀನಿನ ರೆಕ್ಕೆಯನ್ನು ಹೋಲುವ ಪುಟ್ಟ ಉಬ್ಬು ಇರುತ್ತದೆ. ಮುಂಭಾಗದ ಗಾಜಿನ ಒಳಬದಿಗೆ, 2021ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿ ಅಂಟಿರುತ್ತದೆ. ಇವೆಲ್ಲವೂ ಆಂಟೆನಾಗಳೇ. ಕಣ್ಣಿಗೆ ಕಾಣದ ವಿದ್ಯುತ್ಕಾಂತೀಯ ಅಲೆಗಳನ್ನು ಹಿಡಿದು ಒಳಗಿನ ಯಂತ್ರಕ್ಕೆ ಒಪ್ಪಿಸುವ, ಇಲ್ಲವೆ ಯಂತ್ರದ ಸಂದೇಶವನ್ನು ಅಲೆಯಾಗಿಸಿ ಹೊರಗೆ ಕಳುಹಿಸುವ ಸಾಧನಕ್ಕೆ ಆ ಹೆಸರು. ಓಡುವ ವಾಹನದ ಮೇಲೆ ಇಂಥ ಆಂಟೆನಾ ಹೇಗೆ ವರ್ತಿಸುತ್ತದೆ ಎಂಬುದು ಸುಲಭದ ಪ್ರಶ್ನೆಯಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವ ಶಾಸ್ತ್ರವನ್ನು ನಮ್ಮ ದೇಶದಲ್ಲಿ ನೆಲೆಗೊಳಿಸಿದವರಲ್ಲಿ ಕನ್ನಡ ನಾಡಿನ ಮಹಿಳೆಯೊಬ್ಬರು ಅಗ್ರಗಣ್ಯರು. ಅವರೇ ಡಾ. ರಾಜೇಶ್ವರಿ ಚಟರ್ಜಿಯವರು.

ರಾಜೇಶ್ವರಿಯವರು 1922ರ ಜನವರಿ 24ರಂದು ಜನಿಸಿದರು. ತಂದೆ ಬಿ. ಎಂ. ಶಿವರಾಮಯ್ಯನವರು ನಂಜನಗೂಡಿನಲ್ಲಿ ವಕೀಲರಾಗಿದ್ದರು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದ ಮೊದಲ ತಲೆಮಾರಿನ ಮಹಿಳೆಯರಲ್ಲಿ ಒಬ್ಬರು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ, ಅದರಲ್ಲಿಯೂ ವಿಧವೆಯರು ಮತ್ತು ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ಅವರು ದುಡಿದರು. ಮೊಮ್ಮಗಳ ಪ್ರಾಥಮಿಕ ಶಿಕ್ಷಣ ನಡೆದುದೂ ಅಜ್ಜಿಯೇ ಸ್ಥಾಪಿಸಿದ್ದ ವಿಶೇಷ ಇಂಗ್ಲಿಷ್ ಶಾಲೆಯಲ್ಲಿ. ಹೆಣ್ಣುಮಗಳು ಓದು ಬರಹ ಕಲಿತರೆ ಸಾಕೆನ್ನುತ್ತಿದ್ದ ಕಾಲದಲ್ಲಿ, ಓದಿಗೆ ಮೇರೆಯಿಲ್ಲವೆಂಬ ಭಾವನೆ ಆ ಮನೆಯಲ್ಲಿ ಎರಡು ತಲೆಮಾರಿಗೆ ಮೊದಲೇ ಬೇರುಬಿಟ್ಟಿದ್ದಿತು.

ಪ್ರೌಢಶಾಲೆಯ ಓದು ಮುಗಿದಾಗ ಇತಿಹಾಸದತ್ತ ಅವರ ಮನಸ್ಸು ವಾಲಿದ್ದುದುಂಟು. ಆದರೆ ಕೊನೆಗೆ ಅವರು ಆರಿಸಿಕೊಂಡುದು ವಿಜ್ಞಾನ ಮತ್ತು ಗಣಿತವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಬಿ.ಎಸ್‌ಸಿ. ಆನರ್ಸ್ ಹಾಗೂ ಎಂ.ಎಸ್‌ಸಿ. ಪರೀಕ್ಷೆಗಳೆರಡರಲ್ಲಿಯೂ ಮೊದಲ ಸ್ಥಾನ ಪಡೆದರು. ಮುಮ್ಮಡಿ ಕೃಷ್ಣರಾಜ ಒಡೆಯರ್ ಪಾರಿತೋಷಕವೇ ಮೊದಲಾದ ಬಹುಮಾನಗಳು ಅವರಿಗೆ ಸಂದವು.

ಎಂ.ಎಸ್‌ಸಿ. ಮುಗಿದ ಮೇಲೆ ಸಂಶೋಧನೆಯ ಹಂಬಲದಿಂದ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲಿಗೆ ಬಂದರು. ಸರ್ ಸಿ. ವಿ. ರಾಮನ್ ಅವರ ಬಳಿ ಕೆಲಸಮಾಡಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣದಿಂದ ಆ ಅವಕಾಶ ದೊರೆಯಲಿಲ್ಲವೆಂದು ಅವರ ಜೀವನವನ್ನು ಬರೆದವರು ತಿಳಿಸುತ್ತಾರೆ. ಒಂದು ಬಾಗಿಲು ಮುಚ್ಚಿತೆಂದು ಇಪ್ಪತ್ತೊಂದರ ಆ ತರುಣಿ ಹಿಂದಿರುಗಲಿಲ್ಲ. 1943ರಲ್ಲಿ ಅದೇ ಸಂಸ್ಥೆಯ ವಿದ್ಯುತ್ ತಂತ್ರಶಾಸ್ತ್ರ ವಿಭಾಗದಲ್ಲಿ ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದರು. ಗಣಿತದ ಪದವೀಧರೆಯೊಬ್ಬರು ಇಂಜನಿಯರಿಂಗ್ ಕ್ಷೇತ್ರಕ್ಕೆ ಕಾಲಿಟ್ಟುದು ಹೀಗೆ. ಮುಂದಿನ ಅವರ ಸಾಧನೆಗೆಲ್ಲ ಈ ಗಣಿತವೇ ಅಡಿಗಲ್ಲಾಯಿತು. ಏಕೆಂದರೆ ಆಂಟೆನಾದ ಶಾಸ್ತ್ರವೆಂದರೆ ಬಹುಮಟ್ಟಿಗೆ ಮ್ಯಾಕ್ಸ್‌ವೆಲ್ ಮಹಾಶಯನ ಸಮೀಕರಣಗಳನ್ನು ಬಿಡಿಸುವ ಗಣಿತವೇ ಆಗಿದೆ.

1946ರಲ್ಲಿ ದೆಹಲಿಯ ಮಧ್ಯಂತರ ಸರ್ಕಾರವು ಪ್ರತಿಭಾವಂತ ತರುಣರನ್ನು ಹೊರದೇಶಗಳಿಗೆ ಕಳುಹಿಸಿ ಓದಿಸುವ ಯೋಜನೆಯನ್ನು ಕೈಗೊಂಡಿತು. ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ರಾಜೇಶ್ವರಿಯವರಿಗೆ ವಿದ್ಯಾರ್ಥಿವೇತನ ದೊರೆಯಿತು. ಅವಿವಾಹಿತ ತರುಣಿಯೊಬ್ಬಳು ಒಬ್ಬಳೇ ಸಮುದ್ರ ದಾಟಿ ಇಂಜನಿಯರಿಂಗ್ ಓದಲು ಹೋಗುವುದು ಅಂದಿನ ಸಮಾಜದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ದೇಶ ಸ್ವತಂತ್ರವಾಗುತ್ತಿದ್ದ 1947ರಲ್ಲಿ ಅವರು ಹಡಗನ್ನೇರಿ ಅಮೆರಿಕೆಗೆ ಹೊರಟರು. ಆನ್ ಆರ್ಬರ್ ನಗರದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಇಂಜನಿಯರಿಂಗ್‌ನ ಸ್ನಾತಕೋತ್ತರ ಪದವಿ ಪಡೆದರು. ಸರ್ಕಾರದೊಡನೆ ಆಗಿದ್ದ ಕರಾರಿನಂತೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಕಚೇರಿಯ ರೇಡಿಯೋ ಆವರ್ತನ ಮಾಪನ ವಿಭಾಗದಲ್ಲಿ ಎಂಟು ತಿಂಗಳು ಪ್ರಾಯೋಗಿಕ ತರಬೇತಿ ಪಡೆದರು. ಆ ಬಳಿಕ, 1949ರಲ್ಲಿ, ಏಷ್ಯದ ಮಹಿಳೆಯರಿಗಾಗಿ ಮೀಸಲಾದ ಬಾರ್ಬರ್ ವಿದ್ಯಾರ್ಥಿವೇತನ ಪಡೆದು ಮತ್ತೆ ಮಿಷಿಗನ್ನಿಗೆ ಬಂದು, ಪ್ರೊಫೆಸರ್ ವಿಲಿಯಂ ಗೌಲ್ಡ್ ಡೌ ಅವರ ಮಾರ್ಗದರ್ಶನದಲ್ಲಿ 1953ರ ಆರಂಭದಲ್ಲಿ ಡಾಕ್ಟರೇಟ್ ಪಡೆದರು.

ಅದೇ ವರ್ಷ ಅವರು ತಾಯ್ನಾಡಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ಇಂಜನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕರಾದರು. ಆ ಸಂಸ್ಥೆಯ ಇಂಜನಿಯರಿಂಗ್ ಅಧ್ಯಾಪಕ ವರ್ಗಕ್ಕೆ ಸೇರಿದ ಮೊದಲ ಮಹಿಳೆ ಅವರೇ. ಅದೇ ವಿಭಾಗದ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು 1953ರಲ್ಲಿಯೇ ವಿವಾಹವಾದರು. ಮನೆಯಲ್ಲಿ ಸತಿಪತಿಗಳಾದ ಇವರು ವಿದ್ಯಾಕ್ಷೇತ್ರದಲ್ಲಿ ಸಹೋದ್ಯೋಗಿಗಳಾದರು. ಇಬ್ಬರೂ ಕೂಡಿ ಕಟ್ಟಿದ ಮೈಕ್ರೋವೇವ್ ಸಂಶೋಧನ ಪ್ರಯೋಗಾಲಯವು ಆ ವಿಷಯದಲ್ಲಿ ಭಾರತದ ಮೊತ್ತಮೊದಲಿನದೆಂದು ಪ್ರಸಿದ್ಧವಾಗಿದೆ.

ದಂಪತಿಗಳ ಸಂಶೋಧನೆಯಲ್ಲಿ ಪ್ರಮುಖವಾದುದು ವಿಮಾನಗಳಿಗೂ ಬಾಹ್ಯಾಕಾಶ ವಾಹನಗಳಿಗೂ ಬೇಕಾದ ವಿಶೇಷ ಆಂಟೆನಾಗಳನ್ನು ಕುರಿತದ್ದು. ಅದರ ಮಹತ್ತ್ವವನ್ನು ಅರಿಯಲು ಹೆದ್ದಾರಿಯ ಮೇಲಿನ ಸಾಧಾರಣ ವಾಹನವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಎಫ್.ಎಂ. ಬಾನುಲಿಯ ಅಲೆಗಳ ಆವರ್ತನ ಸುಮಾರು 100 ಮೆಗಾಹರ್ಟ್ಸ್. ಆ ಅಲೆಯ ಉದ್ದ 3 ಮೀಟರ್. ಅದನ್ನು ಚೆನ್ನಾಗಿ ಹಿಡಿಯಲು ಅಲೆಯ ಅರ್ಧದಷ್ಟು, ಎಂದರೆ ಒಂದೂವರೆ ಮೀಟರ್ ಉದ್ದದ ಕಡ್ಡಿ ಬೇಕು. ಆದರೆ ಲೋಹದ ಚಾವಣಿಯ ಮೇಲೆ ನಿಲ್ಲಿಸಿದಾಗ ಅದರ ಅರ್ಧ, ಎಂದರೆ ಮುಕ್ಕಾಲು ಮೀಟರ್ ಕಡ್ಡಿಯೇ ಸಾಕಾಗುತ್ತದೆ. ಉಳಿದರ್ಧವನ್ನು ಚಾವಣಿಯು ಕನ್ನಡಿಯ ಪ್ರತಿಬಿಂಬದಂತೆ ತಾನೇ ಒದಗಿಸುತ್ತದೆ. ಆದುದರಿಂದ ಕಡ್ಡಿಯೊಂದೇ ಆಂಟೆನಾ ಎಂದು ತಿಳಿಯುವುದು ತಪ್ಪು. ಅದನ್ನು ಹೊತ್ತ ವಾಹನದ ಇಡೀ ಮೈಯೂ ಆಂಟೆನಾದ ಭಾಗವೇ ಆಗಿದೆ. ಚಾವಣಿಯ ನಟ್ಟನಡುವೆ ನಿಲ್ಲಿಸಿದ ಕಡ್ಡಿ ಸುತ್ತಲೂ ಬಹುಮಟ್ಟಿಗೆ ಸಮನಾಗಿ ಅಲೆಗಳನ್ನು ಬೀರುತ್ತದೆ. ಅದನ್ನೇ ಒಂದು ಮೂಲೆಗೆ ಸರಿಸಿದರೆ, ಲೋಹದ ಮೈ ಹೆಚ್ಚು ಹರಡಿರುವ ದಿಕ್ಕಿನತ್ತ ಅಲೆಗಳ ಬಲ ವಾಲುತ್ತದೆ, ಮತ್ತೊಂದು ದಿಕ್ಕಿನಲ್ಲಿ ಕುಗ್ಗುತ್ತದೆ. ಫಾಸ್ಟ್ಯಾಗ್ ಚೀಟಿಯನ್ನು ಗಾಜಿಗೇ ಅಂಟಿಸುವುದರ ಮರ್ಮವೂ ಇಂಥದೇ. ಗಾಜು ಆ ಅಲೆಗಳಿಗೆ ದಾರಿ ಬಿಡುತ್ತದೆ, ಲೋಹ ತಡೆಯುತ್ತದೆ.

ವಾಹನ ಚಲಿಸಲಾರಂಭಿಸಿದೊಡನೆ ಮತ್ತೊಂದು ತೊಡಕು ತಲೆದೋರುತ್ತದೆ. ಗೋಪುರದಿಂದ ಹೊರಟ ಅಲೆ ನೇರವಾಗಿಯೂ ಬರುತ್ತದೆ, ಗುಡ್ಡ ಕಟ್ಟಡಗಳಿಗೆ ತಾಗಿ ಪ್ರತಿಫಲಿಸಿಯೂ ಬರುತ್ತದೆ. ಹಲವು ದಾರಿಗಳಲ್ಲಿ ಬಂದ ಅಲೆಗಳು ಒಂದೆಡೆ ಕೂಡಿ ಬಲಗೊಳ್ಳುತ್ತವೆ, ಮತ್ತೊಂದೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಮೊಬೈಲ್ ದೂರವಾಣಿಯ 900 ಮೆಗಾಹರ್ಟ್ಸ್ ಆವರ್ತನದಲ್ಲಿ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್ ಆದುದರಿಂದ, ವಾಹನ ಒಂದು ಗೇಣಿನಷ್ಟು ಮುಂದೆ ಸರಿಯುವುದರೊಳಗೆ ಸಂಕೇತ ಏರಿ ಇಳಿಯಬಹುದು. ಒಂದೇ ವಾಹನದಲ್ಲಿ ಎರಡು ಆಂಟೆನಾಗಳನ್ನು ದೂರ ದೂರ ಇಡುವುದಕ್ಕೆ ಇದೂ ಒಂದು ಕಾರಣ. ಒಂದು ಸೋತಲ್ಲಿ ಇನ್ನೊಂದು ಗೆಲ್ಲುತ್ತದೆ.

ಇವೆಲ್ಲವನ್ನೂ ವಾಹನ ತಯಾರಾಗುವ ಮೊದಲೇ ಅರಿಯಬೇಕಾದರೆ ಅದರ ಪ್ರತಿರೂಪವನ್ನು ರಚಿಸಿ ಪರೀಕ್ಷಿಸಬೇಕು. ಹಿಂದೆ ಇದಕ್ಕೆ ಬಳಕೆಯಲ್ಲಿದ್ದ ಒಂದು ವಿಧಾನವೆಂದರೆ, ವಿಮಾನದ ಅಥವಾ ವಾಹನದ ಚಿಕ್ಕ ಮಾದರಿಯನ್ನು ಲೋಹದಲ್ಲಿ ಮಾಡಿಕೊಳ್ಳುವುದು. ಗಾತ್ರವನ್ನು ಹತ್ತರಲ್ಲೊಂದಕ್ಕೆ ಇಳಿಸಿದರೆ ಆವರ್ತನವನ್ನು ಹತ್ತುಪಟ್ಟು ಏರಿಸಬೇಕು. ಆಗ ಅಲೆಗಳು ಹರಡುವ ರೀತಿ ಮೂಲದಂತೆಯೇ ಇರುತ್ತದೆ. ಗಣಕಯಂತ್ರಗಳ ಬಲ ಹೆಚ್ಚಿದಂತೆ ಈ ಕೆಲಸ ಲೆಕ್ಕಾಚಾರಕ್ಕೆ ಒಳಪಟ್ಟಿತು. ವಾಹನದ ಮೈಯನ್ನು ಅಲೆಯುದ್ದದ ಹತ್ತನೆಯ ಒಂದರಷ್ಟು ಚಿಕ್ಕ ತುಂಡುಗಳಾಗಿ ಭಾವಿಸಿ, ಒಂದೊಂದು ತುಂಡಿನಲ್ಲಿ ಹರಿಯುವ ವಿದ್ಯುತ್ತನ್ನು ಸಮೀಕರಣಗಳ ಮೂಲಕ ಕಂಡುಹಿಡಿಯಲಾಗುತ್ತದೆ. ಬಾನುಲಿ ಅಲೆಗಾದರೆ ಒಂದೊಂದು ತುಂಡು 30 ಸೆಂಟಿಮೀಟರ್ ಇದ್ದರೂ ನಡೆಯುತ್ತದೆ. ಎದುರಿನ ವಾಹನದ ದೂರವನ್ನು ಅಳೆಯುವ 77 ಗಿಗಾಹರ್ಟ್ಸ್ ರೇಡಾರಿನ ಅಲೆಯುದ್ದವಾದರೋ ನಾಲ್ಕು ಮಿಲಿಮೀಟರಿಗೂ ಕಡಮೆ. ಅಲ್ಲಿ ಒಂದು ಚದರ ಮೀಟರಿಗೇ 60 ಲಕ್ಷಕ್ಕೂ ಮಿಗಿಲಾದ ತುಂಡುಗಳು ಬೇಕಾಗುತ್ತವೆ. ಗಣಕಯಂತ್ರ ಎಷ್ಟೇ ಬಲವುಳ್ಳದ್ದಾದರೂ, ಎಲ್ಲಿ ಯಾವ ಸರಳೀಕರಣ ಸಲ್ಲುತ್ತದೆಂಬುದನ್ನು ಅರಿತ ಮನುಷ್ಯನ ಬುದ್ಧಿ ಇಲ್ಲದೆ ಅದು ಸರಿಯಾದ ಉತ್ತರ ಕೊಡಲಾರದು. ಆ ಬುದ್ಧಿಯನ್ನು ಎರಡು ತಲೆಮಾರುಗಳಲ್ಲಿ ಬೆಳೆಸಿದ್ದೇ ರಾಜೇಶ್ವರಿಯವರ ದೊಡ್ಡ ಕಾಣಿಕೆ.

ಅವರ ಗ್ರಂಥಗಳಲ್ಲೊಂದು ಅವಾಹಕ ವಸ್ತುಗಳ ಆಂಟೆನಾಗಳನ್ನು ಕುರಿತದ್ದು. ವಿದ್ಯುತ್ತನ್ನು ಹರಿಯಗೊಡದ ಪ್ಲಾಸ್ಟಿಕ್ಕಿನಂಥ ವಸ್ತುವಿನ ಸರಳೂ ಅಲೆಗೆ ದಾರಿಯಾಗಬಲ್ಲುದು. ಅಲೆ ಅದರ ಗುಂಟ ಸಾಗಿ ತುದಿಯಿಂದ ಹೊರಸೂಸುತ್ತದೆ. ಲೋಹವೇ ಇಲ್ಲದೆಡೆಯಲ್ಲಿಯೂ ಅಲೆಗಳನ್ನು ಪಳಗಿಸುವ ಈ ತಿಳಿವಳಿಕೆ ಹೊಸ ವಾಹನಗಳಿಗೆ ಬಹಳ ಉಪಯುಕ್ತ. ಕಾರುಗಳ ರೇಡಾರ್ ಬಹುಪಾಲು ಮುಂಬದಿಯ ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಅಡಗಿರುತ್ತದೆ. ಆ ಹೊದಿಕೆಯ ದಪ್ಪ, ಅದರೊಳಗಿನ ಅಲೆಯುದ್ದದ ಅರ್ಧಕ್ಕೆ ಅಥವಾ ಅದರ ಇಡಿ ಮಡಿಗಳಿಗೆ ಹೊಂದಿದರೆ ಅಲೆ ಸರಾಗವಾಗಿ ಹೊರಹೋಗುತ್ತದೆ. ಹೊಂದದಿದ್ದರೆ ಒಂದಷ್ಟು ಭಾಗ ಹಿಂದಕ್ಕೆ ಚಿಮ್ಮುತ್ತದೆ. ಕೂದಲೆಳೆಯ ವ್ಯತ್ಯಾಸವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಇಂಥ ಮಿಲಿಮೀಟರ್ ಅಲೆಗಳನ್ನು ಭಾರತದಲ್ಲಿ ಮೊದಲು ಪಳಗಿಸಿದವರು ಜಗದೀಶಚಂದ್ರ ಬೋಸರು. 1890ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಅವರು ಐದು ಮಿಲಿಮೀಟರಿನಷ್ಟು ಗಿಡ್ಡ ಅಲೆಗಳನ್ನು ಉತ್ಪಾದಿಸಿ, ಕಹಳೆಯಾಕಾರದ ಆಂಟೆನಾದ ಮೂಲಕ ಪ್ರಯೋಗಿಸಿದ್ದರು. ಅವರ ಹೆಸರಿನ ಸ್ಮಾರಕ ಬಹುಮಾನವು ಉತ್ತಮ ಸಂಶೋಧನ ಪ್ರಬಂಧಕ್ಕಾಗಿ ಇಂಜನಿಯರುಗಳ ಸಂಸ್ಥೆಯಿಂದ ರಾಜೇಶ್ವರಿಯವರಿಗೆ ಸಂದುದು ಅತ್ಯಂತ ಉಚಿತವಾಗಿದೆ. ಇಂಗ್ಲೆಂಡಿನ ಮೌಂಟ್‌ಬ್ಯಾಟನ್ ಬಹುಮಾನವೂ, ಸಂಶೋಧನೆ ಮತ್ತು ಬೋಧನೆಗಾಗಿ ರಾಮಲಾಲ್ ವಾಧ್ವಾ ಪ್ರಶಸ್ತಿಯೂ ಅವರಿಗೆ ದೊರೆತವು.

ಪ್ರಶಸ್ತಿಗಳಿಗಿಂತ ಹೆಚ್ಚಾಗಿ ಅವರನ್ನು ನೆನೆಯಬೇಕಾದುದು ಗುರುವಾಗಿ. ವಿದ್ಯುತ್ಕಾಂತೀಯ ಸಿದ್ಧಾಂತ, ಮೈಕ್ರೋವೇವ್ ತಂತ್ರ, ರೇಡಿಯೋ ಇಂಜನಿಯರಿಂಗ್ ಮೊದಲಾದ ಕಠಿನ ವಿಷಯಗಳನ್ನು ಅವರು ಸುಮಾರು ಮೂವತ್ತು ವರ್ಷ ಬೋಧಿಸಿದರು. ಪ್ರಾಧ್ಯಾಪಕರಾಗಿ, ಮುಂದೆ ವಿಭಾಗದ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು. 20 ಮಂದಿ ವಿದ್ಯಾರ್ಥಿಗಳು ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ನೂರಕ್ಕೂ ಹೆಚ್ಚು ಸಂಶೋಧನ ಪ್ರಬಂಧಗಳು ಪ್ರಕಟವಾದವು. ಹೊರನಾಡಿನ ಪುಸ್ತಕಗಳನ್ನೇ ನೆಚ್ಚಿಕೊಂಡಿದ್ದ ನಮ್ಮ ವಿದ್ಯಾರ್ಥಿಗಳಿಗಾಗಿ ಮೈಕ್ರೋವೇವ್ ಇಂಜನಿಯರಿಂಗ್ ಹಾಗೂ ಆಂಟೆನಾಗಳ ತತ್ತ್ವ ಮತ್ತು ಪ್ರಯೋಗವನ್ನು ಕುರಿತು ಪಠ್ಯಗ್ರಂಥಗಳನ್ನು ರಚಿಸಿದರು.

1982ರಲ್ಲಿ ನಿವೃತ್ತರಾದ ಬಳಿಕ ಅವರು ಸುಮ್ಮನೆ ಕೂಡಲಿಲ್ಲ. ಗ್ರಂಥರಚನೆಯನ್ನು ಮುಂದುವರಿಸಿದುದಲ್ಲದೆ, ಭಾರತೀಯ ಮಹಿಳಾ ಅಧ್ಯಯನ ಸಂಘದ ಕಾರ್ಯಗಳಲ್ಲಿಯೂ ಸಮಾಜಸೇವೆಯಲ್ಲಿಯೂ ತೊಡಗಿದರು. ಅಜ್ಜಿ ಬಿತ್ತಿದ ಬೀಜ ಹೀಗೆ ಮೊಮ್ಮಗಳ ಮುಪ್ಪಿನಲ್ಲಿ ಮತ್ತೆ ಚಿಗುರಿತು. 1994ರಲ್ಲಿ ಪತಿಯ ವಿಯೋಗವಾಯಿತು. ಏಕಮಾತ್ರ ಪುತ್ರಿ ಇಂದಿರಾ ಚಟರ್ಜಿಯವರು ತಾಯಿಯ ಹಾದಿಯನ್ನೇ ಹಿಡಿದು ಅಮೆರಿಕೆಯ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಇಂಜನಿಯರಿಂಗ್ ಪ್ರಾಧ್ಯಾಪಕರಾದರು. 2010ರ ಸೆಪ್ಟೆಂಬರ್ 3ರಂದು ತಮ್ಮ 88ನೆಯ ವಯಸ್ಸಿನಲ್ಲಿ ರಾಜೇಶ್ವರಿಯವರು ಕಾಲವಾದರು. ಕರ್ನಾಟಕದ ಮೊದಲ ಮಹಿಳಾ ಇಂಜನಿಯರ್ ಎಂದು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಅವರನ್ನು ಮರಣೋತ್ತರವಾಗಿ ಗೌರವಿಸಿತು.

ಚಾವಣಿಯ ಮೇಲಿನ ಗೇಣುದ್ದದ ಕಡ್ಡಿಗೆ ಬಲ ಬರುವುದು ಅದರ ಅಡಿಯಲ್ಲಿರುವ ಲೋಹದ ನೆಲೆಯಿಂದ. ಹೊರದೇಶದಲ್ಲಿ ಪಡೆದ ವಿದ್ಯೆಯನ್ನು ರಾಜೇಶ್ವರಿಯವರು ತಾಯ್ನಾಡಿನ ನೆಲೆಯ ಮೇಲೆ ತಂದು ನಿಲ್ಲಿಸಿದರು. ಪ್ರಯೋಗಾಲಯವಿಲ್ಲದೆಡೆ ಪ್ರಯೋಗಾಲಯವನ್ನು ಕಟ್ಟಿದರು, ಗ್ರಂಥವಿಲ್ಲದೆಡೆ ಗ್ರಂಥವನ್ನು ಬರೆದರು. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳದ ಶಾಲೆಗಳಲ್ಲಿ ಗಣಿತವೆಂದರೆ ಅಂಜುವ ಬಾಲಕ ಬಾಲಕಿಯರು, ಮುಂದೆ ಹೆದ್ದಾರಿಯ ವಾಹನವೊಂದರ ನೆತ್ತಿಯ ಕಡ್ಡಿಯನ್ನು ಕಂಡಾಗ, ಅದರ ಹಿಂದಿರುವ ಗಣಿತವನ್ನು ಕನ್ನಡ ನಾಡಿನ ಹೆಣ್ಣುಮಗಳೊಬ್ಬಳು ಕಲಿತು ದೇಶಕ್ಕೆ ಕಲಿಸಿದಳೆಂಬುದನ್ನು ನೆನೆಯಲಿ. ಆ ಅಂಜಿಕೆ ಬಿಡುವುದಕ್ಕೆ ಅಷ್ಟು ನೆನಪು ಸಾಕು.